ಜೀವಕೋಶದೊಳಗಿನ ಕಣಜ

ಕಣ್ಣಿಗೆ ಕಂಡುದು ಒಂದು, ಅದರ ಅರ್ಥ ಮತ್ತೊಂದು. ಲಿಂಗದಹಳ್ಳಿಯ ನಮ್ಮ ಮಕ್ಕಳು ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಪೊರೆಯನ್ನು ನೋಡುವಾಗಲೇ ಕಲಿಯಬೇಕಾದ ಪಾಠವಿದು. ರೋಗನಿದಾನದಲ್ಲಿ ಈ ಪಾಠಕ್ಕೆ ಪ್ರಾಣದಷ್ಟು ಬೆಲೆಯುಂಟು.

ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿರುವ ದುಗ್ಧರಸ ಗ್ರಂಥಿಗಳು ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕೋಶಗಳ ಠಾಣ್ಯಗಳು. ಈ ಕೋಶಗಳೇ ಅಂಕೆಮೀರಿ ಬೆಳೆದರೆ ಅದು ಲಿಂಫೋಮ ಎಂಬ ಕ್ಯಾನ್ಸರು. ಗ್ರಂಥಿಯನ್ನು ತೆಗೆದು, ತೆಳುವಾಗಿ ಕೊಯ್ದು, ಬಣ್ಣವೂಡಿಸಿ ನೋಡಿದಾಗ ಕೆಲವೊಮ್ಮೆ ಕೋಶಗಳೊಳಗೆ ನಸುಗೆಂಪು ಗುಂಡುಗಳು ಕಾಣಿಸುತ್ತವೆ.

1890ರಲ್ಲಿ ಎಡಿನ್‌ಬರೊದ ವೈದ್ಯ ವಿಲಿಯಂ ರಸೆಲ್ ಅವರು ಕ್ಯಾನ್ಸರ್ ಗಡ್ಡೆಗಳಲ್ಲಿ ಇಂಥ ಗುಂಡುಗಳನ್ನು ಕಂಡು, ರೋಗಕ್ಕೆ ಕಾರಣವಾದ ಶಿಲೀಂಧ್ರಗಳೇ ಇವೆಂದು ಭಾವಿಸಿದರು. ಅವರ ಕಣ್ಣು ತಪ್ಪಲಿಲ್ಲ; ತೀರ್ಮಾನ ತಪ್ಪಿತು. ಅವು ಹೊರಗಿನಿಂದ ಬಂದ ಜೀವಿಗಳಲ್ಲ. ಕೋಶವು ತಾನೇ ತಯಾರಿಸಿ, ಹೊರಗೆ ಕಳುಹಿಸಲಾರದೆ ಒಳಗೇ ಕೂಡಿಟ್ಟ ಪ್ರತಿಕಾಯವೆಂಬ ಪ್ರೊಟೀನು. ಧಾನ್ಯ ಸಾಗದೆ ಕಣಜವು ತುಂಬಿ ಬಿರಿಯುವಂತಾದ ಸ್ಥಿತಿ ಅದು. ದೀರ್ಘಕಾಲದ ಉರಿಯೂತದಲ್ಲಿಯೂ ಇವು ತೋರುವುದರಿಂದ, ಇವು ಇದ್ದ ಮಾತ್ರಕ್ಕೆ ಕ್ಯಾನ್ಸರೆಂದು ಹೇಳಲಾಗದು.

1978ರಲ್ಲಿ ಕಿಮ್ ಮತ್ತು ಸಂಗಡಿಗರು ಇನ್ನೊಂದು ವಿಚಿತ್ರವನ್ನು ವರ್ಣಿಸಿದರು. ಕೆಲವು ಲಿಂಫೋಮಗಳಲ್ಲಿ ಈ ಸಂಗ್ರಹವು ಹಿಗ್ಗಿ ಕೋಶಕೇಂದ್ರವನ್ನು ಅಂಚಿಗೆ ಒತ್ತುತ್ತದೆ. ಆಗ ಕೋಶವು ಮುದ್ರೆಯುಂಗುರದಂತೆ ಕಾಣುತ್ತದೆ. ಜಠರದ ಒಂದು ಬಗೆಯ ಕ್ಯಾನ್ಸರಿನ ಕೋಶಗಳ ರೂಪವೂ ಹೀಗೆಯೇ. ಆಕಾರ ಒಂದು, ರೋಗ ಎರಡು, ಚಿಕಿತ್ಸೆಯೂ ಎರಡು. ಆದರೆ ಜಠರದ ಕೋಶದಲ್ಲಿ ತುಂಬಿರುವುದು ಲೋಳೆ. ಅದು ಮ್ಯೂಸಿಕಾರ್ಮೈನ್ ಎಂಬ ಬಣ್ಣವನ್ನು ಹೀರಿ ಕೆಂಪಾಗುತ್ತದೆ, ಲಿಂಫೋಮದ ಕೋಶದ ಗುಂಡು ಹಾಗಾಗದು. ಇಂದು ಕೋಶದ ಮೇಲಿನ ಸಿಡಿ20 ಮೊದಲಾದ ಗುರುತುಗಳನ್ನು ಪರೀಕ್ಷಿಸಿ ಸಂದೇಹವನ್ನು ನಿವಾರಿಸುತ್ತಾರೆ.

ಊಹೆಯ ಅಪಾಯವು ಪ್ರಯೋಗಶಾಲೆಗೆ ಮಾತ್ರ ಸೀಮಿತವಲ್ಲ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಕ್ಷಯದಿಂದಲೂ ಬರಬಹುದು, ಲಿಂಫೋಮದಿಂದಲೂ ಬರಬಹುದು. ಕೈಯಿಂದ ಮುಟ್ಟಿ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಕೆಲವು ವಾರಗಳಾದರೂ ಇಳಿಯದ ಗಂಟನ್ನು ವೈದ್ಯರಿಗೆ ತೋರಿಸಬೇಕು. ಅವರು ಹೇಳಿದರೆ ತುಣುಕು ತೆಗೆಸಿ ಪರೀಕ್ಷಿಸಲು ಅಂಜಬಾರದು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಆಸ್ಪತ್ರೆಗಳು ಇದಕ್ಕೆಂದೇ ಇವೆ. ಲಿಂಫೋಮದ ಹಲವು ಬಗೆಗಳು ಇಂದು ಚಿಕಿತ್ಸೆಯಿಂದ ಸಂಪೂರ್ಣ ಗುಣವಾಗುತ್ತವೆ.

ಕಂಡುದನ್ನು ಮತ್ತೊಮ್ಮೆ ಒರೆಗೆ ಹಚ್ಚಿ ನೋಡುವ ಬುದ್ಧಿಯೇ ಅರಿವು. ಅದನ್ನು ಮಕ್ಕಳಲ್ಲಿ ಬೆಳೆಸುವ ಶಿಕ್ಷಕರೂ, ಶಾಲೆಗೊಂದು ಸೂಕ್ಷ್ಮದರ್ಶಕವನ್ನು ಕೊಡಿಸುವ ದಾನಿಗಳೂ ಎಂದೋ ಒಂದು ಜೀವವನ್ನು ಉಳಿಸುವ ಕಾರ್ಯದಲ್ಲಿ ಪಾಲುಗಾರರೇ ಸರಿ.