ಮಾಗಿಯ ಮೇವು

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲವೇ ದನಗಳಿಗೆ ಹಸಿವಿನ ಕಾಲ. ಅಲ್ಲಿಯ ಒಕ್ಕಲಿಗನು ಬೇಸಗೆಯಲ್ಲಿ ಹಸುರುಹುಲ್ಲನ್ನು ಕೊಯ್ದೊಣಗಿಸಿ ಕೂಡಿಡುವುದು ಆ ಕಾಲವನ್ನು ದಾಟುವುದಕ್ಕಾಗಿಯೇ. ನಮ್ಮಲ್ಲಿ ಋತುಗಳ ಲೆಕ್ಕ ಬೇರೆ. ಮಾಗಿಯಲ್ಲಿ ಕಣ ತುಂಬಿರುತ್ತದೆ, ಬಣವೆ ಹೊಸದಾಗಿರುತ್ತದೆ, ಬದುವಿನಲ್ಲಿ ಇನ್ನೂ ಅಷ್ಟಿಷ್ಟು ಹಸುರಿರುತ್ತದೆ. ಹಸಿವು ಬರುವುದು ಅದರ ಬೆನ್ನಿಗೆ. ಆದುದರಿಂದ ನಮ್ಮ ರೈತನು ಮಾಗಿಯಲ್ಲಿ ದನಕ್ಕೆ ಹಾಕುವ ಪ್ರತಿಯೊಂದು ಹೊರೆಯೂ ಮುಂದಿನ ವೈಶಾಖದಿಂದ ಕಡ ತಂದುದೇ ಸರಿ. ಈ ಸಂಗತಿಯನ್ನು ಗಮನಿಸದೆ ‘ಮೇವು’ ಎಂಬ ಒಂದೇ ಮಾತಿನಿಂದ ಎಲ್ಲವನ್ನೂ ವಿವರಿಸಿಬಿಡುವುದು ನಮ್ಮ ಪಾಠಗಳಲ್ಲಿ ವಾಡಿಕೆಯಾಗಿದೆ. ಒಕ್ಕಲುತನದ ನುಡಿಯಲ್ಲಿ ಆ ಮಾತು ಬರಿಯ ತಲೆಬರಹ. ಅದರ ಕೆಳಗೆ ಬರುವ ಹೆಸರುಗಳಲ್ಲಿಯೇ ಹುರುಳಿರುವುದು.

ಮೊದಲು ಲೆಕ್ಕವನ್ನು ನೋಡೋಣ. ಮಧ್ಯಮಗಾತ್ರದ ಎತ್ತೊಂದು ದಿನಕ್ಕೆ ಸುಮಾರು 8 ಕಿಲೋ ಒಣಮೇವನ್ನು ತಿನ್ನುತ್ತದೆ. ಸಂಕ್ರಾಂತಿಯಿಂದ ಜೂನ್ ನಡುವಿನವರೆಗೆ 150 ದಿನಗಳೆಂದಿಟ್ಟುಕೊಂಡರೆ ಒಂದು ಜೊತೆಗೆ 2,400 ಕಿಲೋ ಬೇಕಾಯಿತು. ಹಾಲು ಕೊಡುವ ಹಸುವಿನದೂ ಕರುಗಳದೂ ಬೇರೆ. ಭರಣಿ ಮಳೆ ಬಿದ್ದೊಡನೆ ನೇಗಿಲು ಕಟ್ಟಬೇಕು. ಆದರೆ ಬಾಯಿಗೆ ಸಿಕ್ಕುವಷ್ಟು ಹೊಸಹುಲ್ಲು ಬೆಳೆಯುವುದು ಆರಿದ್ರೆಯ ವೇಳೆಗೆ. ಎಂದರೆ ದನ ಅತ್ಯಂತ ಬಡವಾಗಿರುವ ತಿಂಗಳುಗಳಲ್ಲಿಯೇ ಅದರಿಂದ ಅತ್ಯಂತ ಕಠಿನವಾದ ದುಡಿಮೆಯನ್ನು ಪಡೆಯಬೇಕು. ಮಾಗಿಯಲ್ಲಿ ಕೈ ಬಿಗಿಹಿಡಿಯದ ಮನೆಯಲ್ಲಿ ಉಳುಮೆ ತಡವಾಗುತ್ತಿತ್ತು, ಉಳುಮೆ ತಡವಾದರೆ ಬಿತ್ತನೆ ತಡ, ಮುಂದಿನದನ್ನು ಹೇಳಬೇಕಾಗಿಲ್ಲ.

ಈ ಲೆಕ್ಕಕ್ಕೆ ಆಧಾರವಾದುದು ಬಣವೆ. ಹಳೆಯ ಮೈಸೂರಿನ ಕಡೆ ಇದನ್ನು ಮೆದೆಯೆಂದೂ, ಮಲೆನಾಡು ಕರಾವಳಿಗಳಲ್ಲಿ ಕುತ್ರಿಯೆಂದೂ ಕರೆಯುವುದುಂಟು. ರಾಗಿಯ ತೆನೆಯನ್ನು ಕಣದಲ್ಲಿ ಹರಡಿ ರೋಣಗಲ್ಲು ಉರುಳಿಸಿದಾಗ ಕಾಳು ಉದುರುವುದರ ಜೊತೆಗೆ ಹುಲ್ಲೂ ನುಗ್ಗಾಗಿ ಮೆದುವಾಗುತ್ತದೆ. ಇದು ದನದ ದವಡೆಗೆ ಅರ್ಧ ಕೆಲಸ ಉಳಿಸಿದಂತೆ. ಅನಂತರ ಗೆದ್ದಲೂ ತೇವವೂ ತಗಲದಂತೆ ಕಲ್ಲು ಅಥವಾ ಮರದ ತುಂಡುಗಳ ಮೇಲೆ ಒಟ್ಟಿ, ನೀರು ಜಾರುವ ಹಾಗೆ ತುದಿಯನ್ನು ಇಳಿಜಾರಾಗಿ ಮುಚ್ಚುತ್ತಾರೆ. ಚೆನ್ನಾಗಿ ಒಟ್ಟಿದ ರಾಗಿಹುಲ್ಲು ಕೆಲವು ವರ್ಷಗಳವರೆಗೂ ಕೆಡದು. ಕಾಳಿಗೆ ಹಗೇವು ಹೇಗೋ ಹುಲ್ಲಿಗೆ ಮೆದೆ ಹಾಗೆ. 1876–78ರ ದೊಡ್ಡ ಕ್ಷಾಮದಲ್ಲಿ ಮೈಸೂರು ಸೀಮೆಯ ದನಗಳು ಲೆಕ್ಕವಿಲ್ಲದಷ್ಟು ಸತ್ತುದನ್ನು ನೆನೆದರೆ ಹಳೆಯ ಮೆದೆಯನ್ನು ಮುಟ್ಟಬಾರದೆಂಬ ಹಿರಿಯರ ಹಟವು ಜಿಪುಣತನವೆಂದು ತೋರದು.

ಆದರೆ ಹೊಟ್ಟೆ ತುಂಬುವುದೇ ಬೇರೆ, ಮೈ ತುಂಬುವುದೇ ಬೇರೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವವು ಅಸಂಖ್ಯ ಸೂಕ್ಷ್ಮಜೀವಿಗಳು. ಅವು ಬದುಕಲು ಸಾರಜನಕ ಬೇಕು. ಮೇವಿನಲ್ಲಿ ಕಚ್ಚಾ ಸಸಾರಜನಕದ ಅಂಶವು ಶೇಕಡ 7ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ಕುಂದುತ್ತದೆ. ತಿಂದ ಹುಲ್ಲು ಕರಗದೆ ಒಳಗೇ ನಿಲ್ಲುತ್ತದೆ. ದನವು ಮುಂದೆ ಹುಲ್ಲಿದ್ದರೂ ಕಡಿಮೆ ತಿನ್ನುತ್ತದೆ. ಬತ್ತದ ಹುಲ್ಲಿನಲ್ಲಿ ಈ ಅಂಶ ಶೇಕಡ 3–4 ಮಾತ್ರ. ಹೀಗಿರಲು ಬರಿಯ ಹುಲ್ಲನ್ನು ರಾಶಿ ರಾಶಿಯಾಗಿ ಹಾಕಿದರೂ ಫಲವಿಲ್ಲ. ಅದಕ್ಕೆ ಸ್ವಲ್ಪ ಹುರುಳಿಯ ಅಥವಾ ಅವರೆಯ ಹೊಟ್ಟು, ಒಂದು ಹಿಡಿ ಹಿಂಡಿ ಕೂಡಿದರೆ ಅದೇ ಹುಲ್ಲು ಆಹಾರವಾಗುತ್ತದೆ.

ನಮ್ಮ ಹೊಲದ ಹಳೆಯ ವ್ಯವಸ್ಥೆಯಲ್ಲಿ ಇದು ತಾನಾಗಿಯೇ ಅಡಕವಾಗಿದ್ದುದು ವಿಚಾರಮಾಡತಕ್ಕ ವಿಷಯ. ರಾಗಿಯ ನಡುವೆ ಅಕ್ಕಡಿಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ರಾಗಿಯಿಂದ ಹುಲ್ಲು, ಅವರೆಯಿಂದ ಹೊಟ್ಟು, ಹುಚ್ಚೆಳ್ಳು ಗಾಣದಿಂದ ಹಿಂಡಿ: ಒಂದೇ ಹೊಲ ದನದ ಇಡೀ ಊಟವನ್ನು ಒದಗಿಸುತ್ತಿತ್ತು. ಅಡಿಗೆಮನೆಯೂ ತನ್ನ ಪಾಲನ್ನು ಕೊಡುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ಉಳಿದ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ. ಕರಾವಳಿಯಲ್ಲಿ ಇದೇ ಅಕ್ಕಚ್ಚು. ಈ ಮಾತುಗಳಲ್ಲಿ, ‘ತೊಳೆ’ ಎಂಬರ್ಥದ ಹಳಗನ್ನಡದ ‘ಕರ್ಚು’ ಧಾತು ಕೊಟ್ಟಿಗೆಯ ಬಾಗಿಲಲ್ಲಿ ಇಂದಿಗೂ ಜೀವದಿಂದಿರುವುದನ್ನು ಭಾಷಾಭ್ಯಾಸಿಗಳು ಕಾಣಬಹುದು.

ಉತ್ತರದ ಎರೆನೆಲದಲ್ಲಿ ಮೇವಿನ ರಾಜನು ಹಿಂಗಾರಿ ಬಿಳಿಜೋಳ. ಅದರ ದಂಟಾದ ಕಣಿಕೆಗಾಗಿಯೇ ತಳಿಯನ್ನು ಆರಿಸುವವರೂ ಅಲ್ಲಿದ್ದಾರೆ. ಅಲ್ಲಿ ತೆನೆ ಒಕ್ಕುವ ಹಂತಿಯಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದುಂಟು; ಹಂತಿಯ ಪದಗಳನ್ನು ಪಾಠಹೇಳುವವರು ಈ ಕುಕ್ಕೆಯನ್ನೂ ನೆನೆಯುವುದು ಒಳ್ಳೆಯದು. ಎಳೆಯ ಜೋಳವಾಗಲಿ, ಮಳೆಯಿಲ್ಲದೆ ಕುಗ್ಗಿದ ಜೋಳವಾಗಲಿ ವಿಷ. ಅದರಲ್ಲಿ ಹುಟ್ಟುವ ಸಯನೈಡು ದನವನ್ನು ಸ್ವಲ್ಪ ಹೊತ್ತಿನಲ್ಲಿಯೇ ಕೆಡಹಬಲ್ಲುದು.

ಮನೆಯ ಲೆಕ್ಕವು ಇಷ್ಟಾದರೆ ಅರಮನೆಯ ಲೆಕ್ಕವೂ ಇದೇ ಜಾಡಿನದು. ಚಿಕ್ಕದೇವರಾಜ ಒಡೆಯರ (1673–1704) ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾಯಿತಷ್ಟೆ. ಅದರ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ನೀರೂ ನೆರಳೂ ಇದ್ದ ಬೇಸಗೆಯ ಕಾವಲುಗಳಿಗೆ ಹೆಚ್ಚಿನ ಬೆಲೆ. ರೈತನು ಹುಲ್ಲನ್ನು ಕಾಲದಿಂದ ಕಾಲಕ್ಕೆ ಸಾಗಿಸಿದರೆ, ಅಲ್ಲಿ ಹಿಂಡನ್ನೇ ನೆಲದಿಂದ ನೆಲಕ್ಕೆ ಸಾಗಿಸುತ್ತಿದ್ದರು.

ಈಗ ಉಳುಮೆ ಬಹುಮಟ್ಟಿಗೆ ಟ್ರಾಕ್ಟರಿನದು. ಆದರೆ ಹಾಲಿನ ಹಸು ಉಳಿದಿದೆ, ಅದರ ಹಸಿವು ಎತ್ತಿನದಕ್ಕಿಂತ ಹೆಚ್ಚು. ಕೊಯ್ಲಿನ ಯಂತ್ರವು ಬತ್ತದ ಗದ್ದೆಯಲ್ಲಿ ಹುಲ್ಲನ್ನು ಚೆಲ್ಲಿಹೋಗುತ್ತದೆ. ಅದನ್ನು ಸುರುಳಿ ಕಟ್ಟಲು ಮತ್ತೊಂದು ಯಂತ್ರ ಬರಬೇಕು. ಅಕ್ಕಡಿಸಾಲು ಅಳಿದ ಹೊಲದ ಬಡಹುಲ್ಲಿಗೆ ಸಾರಜನಕ ಕೂಡಿಸುವ ಒಂದು ಉಪಾಯವುಂಟು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯವನ್ನು ನೀರಿನಲ್ಲಿ ಸಂಪೂರ್ಣವಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡುತ್ತಾರೆ. ಒಳಗೆ ಹುಟ್ಟುವ ಅಮೋನಿಯವು ನಾರಿನ ಬಿಗಿಯನ್ನು ಸಡಲಿಸುತ್ತದೆ, ಸಾರಜನಕವನ್ನೂ ಕೂಡಿಸುತ್ತದೆ. ತೆಗೆದೊಡನೆ ಹಾಕದೆ, ಮೂಗಿಗೆ ಬಡಿಯುವ ವಾಸನೆ ಹೋಗುವವರೆಗೆ ಗಾಳಿಗೆ ಹರವಿ, ಮೊದಲ ಕೆಲವು ದಿನ ಬೇರೆ ಹುಲ್ಲಿನೊಡನೆ ಬೆರಸಿ ಕೊಡಬೇಕು. ಎಳೆಗರುಗಳಿಗೆ ಇದು ಸಲ್ಲದು.