ರೂಪಾಯಿಗೆ ಒಂದಾಣೆ: ಶಾಲೆಯ ಕರ, ಶಿಕ್ಷಕರ ಸಂಬಳ ಮತ್ತು ಹೊರನಾಡ ಕನ್ನಡ

ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವಿನ ಚರ್ಚೆ ನಡೆದಾಗಲೆಲ್ಲ ಭಾಷಾಭಿಮಾನ, ಪಾಲಕರ ಇಂಗ್ಲಿಷ್ ವ್ಯಾಮೋಹ, ಸಂಘಸಂಸ್ಥೆಗಳ ಹೊಣೆಗಾರಿಕೆ ಮುಂತಾದ ಮಾತುಗಳು ಕೇಳಿಬರುತ್ತವೆ. ಇವೆಲ್ಲವೂ ವಿಚಾರಾರ್ಹವೇ ಸರಿ. ಆದರೆ ಶಾಲೆ ನಡೆಯುವುದು ಶಿಕ್ಷಕರಿಂದ. ಸಾರ್ವಜನಿಕ ಶಾಲೆಯ ಶಿಕ್ಷಕರ ಸಂಬಳ ಬರುವುದು ಜನರು ತೆರುವ ಕರದಿಂದ. ಈ ಸರಳ ಸಂಗತಿ ನಮ್ಮ ಭಾಷಾಚರ್ಚೆಗಳಲ್ಲಿ ಹಿಂದೆ ಸರಿದಿರುತ್ತದೆ. ಆದುದರಿಂದ ಮುಂಬಯಿ ಪ್ರಾಂತದಲ್ಲಿಯೂ ಮುಂದೆ ಮಹಾರಾಷ್ಟ್ರದಲ್ಲಿಯೂ ಶಾಲೆಯ ಹಣ ಯಾರಿಂದ ಬಂದಿತು, ಶಿಕ್ಷಕರಿಗೆ ಎಷ್ಟು ಸಂದಿತು, ಇದಕ್ಕೂ ಇಲ್ಲಿನ ಕನ್ನಡಕ್ಕೂ ಏನು ಸಂಬಂಧ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1854ರ ವುಡ್ ಅವರ ಶಿಕ್ಷಣ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನವೆಂಬ ಪದ್ಧತಿಗೆ ತಳಹದಿ ಹಾಕಿತು. ಆದರೆ ಹಳ್ಳಿಗಳ ಶಾಲೆಗಳಿಗೆ ಹಣ ಬೇರೆಡೆಯಿಂದ ಬರಬೇಕಾಗಿತ್ತು. 1860ರ ದಶಕದಲ್ಲಿ ಮುಂಬಯಿ ಪ್ರಾಂತವು ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವನ್ನು ವಿಧಿಸಿತು. 1869ರಲ್ಲಿ ಇದಕ್ಕೆ ಕಾನೂನಿನ ರೂಪ ದೊರೆಯಿತು. ಈ ಕರದ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ, ಉಳಿದುದು ರಸ್ತೆ ಮೊದಲಾದ ಕೆಲಸಗಳಿಗೆ ಮೀಸಲಾಗಿತ್ತು. ಹದಿನಾರು ರೂಪಾಯಿ ಕಂದಾಯ ಕಟ್ಟುವ ರೈತನು ಇದಕ್ಕಾಗಿ ಒಂದು ರೂಪಾಯಿ ಹೆಚ್ಚಿಗೆ ತೆರಬೇಕಾಗಿತ್ತು. ಅದರಲ್ಲಿ ಐದಾಣೆ ನಾಲ್ಕು ಪೈ ಶಾಲೆಗೆ ಸಲ್ಲಬೇಕಾಗಿತ್ತು. ಧಾರವಾಡ, ಬೆಳಗಾವಿಗಳ ಕನ್ನಡ ರೈತನೂ ಈ ಪ್ರಾಂತದ ಪ್ರಜೆಯೇ. ಆ ಭಾಗದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಲು ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಿದ ಕಾಲವೂ ಇದೇ ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡದ ಅಭಿಮಾನ ಶಾಲೆಯನ್ನು ಬೇಡಿತು. ಶಾಲೆಯ ವೆಚ್ಚದಲ್ಲಿ ರೈತನ ಆಣೆಗಳೂ ಸೇರಿದ್ದವು.

ಕರ ತೆತ್ತವನಿಗೆ ಅದರ ಫಲ ಸಿಕ್ಕಿತೆ? ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿದವರು ಮಹಾತ್ಮಾ ಜೋತಿಬಾ ಫುಲೆಯವರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನೀಡಿದ ನಿವೇದನೆಯಲ್ಲಿ ಅವರು, ಸರಕಾರದ ವರಮಾನದ ಬಹುಭಾಗ ದುಡಿಯುವ ರೈತನಿಂದ ಬಂದರೂ ಶಿಕ್ಷಣದ ಲಾಭ ಮೇಲ್ವರ್ಗಗಳಿಗೆ ಸಲ್ಲುತ್ತಿದೆಯೆಂದು ಆಕ್ಷೇಪಿಸಿದರು. ಹನ್ನೆರಡು ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದರು. ಶಿಕ್ಷಕರ ಸಂಬಳ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆಯಿರಬಾರದು, ದೊಡ್ಡ ಹಳ್ಳಿಗಳಲ್ಲಿ 15 ಅಥವಾ 20 ರೂಪಾಯಿ ಇರಬೇಕು ಎಂದೂ ಸೂಚಿಸಿದರು. ಕರ, ಸಂಬಳ, ಸಾಮಾಜಿಕ ನ್ಯಾಯ ಈ ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ದಾಖಲೆಯಿದು.

ಮುಂದಿನ ಘಟ್ಟದಲ್ಲಿ ಗೋಪಾಲಕೃಷ್ಣ ಗೋಖಲೆಯವರು ಬರುತ್ತಾರೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತಿಂಗಳಿಗೆ 75 ರೂಪಾಯಿಯ ಸಂಬಳಕ್ಕೆ ದುಡಿದ ಈ ಅಧ್ಯಾಪಕರು 1911ರಲ್ಲಿ ಕೇಂದ್ರ ಶಾಸನ ಪರಿಷತ್ತಿನಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆಯನ್ನು ಮಂಡಿಸಿದರು. ಕಡ್ಡಾಯ ಶಿಕ್ಷಣವನ್ನು ಜಾರಿಗೊಳಿಸುವ ಸ್ಥಳೀಯ ಸಂಸ್ಥೆಗಳು ವಿಶೇಷ ಶಿಕ್ಷಣ ಕರ ವಿಧಿಸಬಹುದು. ವೆಚ್ಚದ ಮೂರನೆಯ ಎರಡು ಪಾಲನ್ನು ಸರಕಾರವೂ ಒಂದು ಪಾಲನ್ನು ಸ್ಥಳೀಯ ಸಂಸ್ಥೆಯೂ ಭರಿಸಬೇಕು ಎಂಬುದು ಅವರ ಯೋಜನೆಯ ತಿರುಳು. ಹೊಸ ಕರದ ಭಯವೂ ವಿರೋಧಕ್ಕೆ ಒಂದು ಕಾರಣವಾಯಿತು. 1912ರ ಮಾರ್ಚ್‌ನಲ್ಲಿ 13ಕ್ಕೆ ಎದುರಾಗಿ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಆದರೆ ಆ ವಿಚಾರ ಸಾಯಲಿಲ್ಲ. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲಿ ಮುಂಬಯಿ ಪ್ರಾಂತದ ನಗರಸಭೆಗಳಿಗೆ ಕಡ್ಡಾಯ ಶಿಕ್ಷಣ ಜಾರಿಗೊಳಿಸುವ ಅಧಿಕಾರ ದೊರೆಯಿತು. 1923ರ ಕಾಯಿದೆ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. 1927ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಡಾ. ಬಿ. ಆರ್. ಅಂಬೇಡ್ಕರರು, ಪ್ರಾಂತವು ತಲೆಗೆ 14 ಆಣೆಯಷ್ಟನ್ನು ಶಿಕ್ಷಣಕ್ಕೆ ವೆಚ್ಚ ಮಾಡಿ, ಅದೇ ತಲೆಯಿಂದ ಅಬಕಾರಿಯ ರೂಪದಲ್ಲಿ ಎರಡು ರೂಪಾಯಿಗೂ ಮಿಕ್ಕಿ ವಸೂಲು ಮಾಡುತ್ತಿರುವುದನ್ನು ಎತ್ತಿ ತೋರಿಸಿದರು. ಕರ ಹೆಚ್ಚೋ ಕಡಿಮೆಯೋ ಎಂಬುದರ ಜೊತೆಗೆ, ಬಂದ ಕರ ಯಾವ ಬಾಬಿಗೆ ಹೋಗುತ್ತದೆ ಎಂಬ ಪ್ರಶ್ನೆ ಹೀಗೆ ಮುನ್ನೆಲೆಗೆ ಬಂದಿತು.

ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗವು (1964–66) ರಾಷ್ಟ್ರೀಯ ವರಮಾನದ ಶೇ. 6ರಷ್ಟನ್ನು ಶಿಕ್ಷಣಕ್ಕೆ ತೊಡಗಿಸಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ. 6ರ ಗುರಿಯನ್ನು ಪುನರುಚ್ಚರಿಸಿದೆ. ಅಂದರೆ ಅರ್ಧ ಶತಮಾನ ಕಳೆದರೂ ಗುರಿ ಗುರಿಯಾಗಿಯೇ ಉಳಿದಿದೆ. ಈ ನಡುವೆ ವಿಶೇಷ ಕರಗಳು ಬಂದಿವೆ. ಮಹಾರಾಷ್ಟ್ರ ಸರಕಾರ 1962ರ ಕಾಯಿದೆಯ ಮೂಲಕ ಶಿಕ್ಷಣ ಕರವನ್ನು ವಿಧಿಸಿತು. ಮುಂಬಯಿಯ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಪಾಲಿಕೆಯ ಶಿಕ್ಷಣ ಕರ, ರಾಜ್ಯದ ಶಿಕ್ಷಣ ಕರ ಎಂಬ ಎರಡು ಬಾಬುಗಳು ಬೇರೆಬೇರೆಯಾಗಿ ಕಾಣಿಸುತ್ತವೆ. ಕೇಂದ್ರ ಸರಕಾರ 2004ರಲ್ಲಿ ತೆರಿಗೆಯ ಮೇಲೆ ಶೇ. 2ರ ಶಿಕ್ಷಣ ಸೆಸ್ಸನ್ನೂ 2007ರಲ್ಲಿ ಪ್ರೌಢ ಹಾಗೂ ಉನ್ನತ ಶಿಕ್ಷಣಕ್ಕಾಗಿ ಮತ್ತೆ ಶೇ. 1ನ್ನೂ ಸೇರಿಸಿತು. 2018ರಲ್ಲಿ ಆದಾಯ ತೆರಿಗೆಯ ಮೇಲೆ ಇವುಗಳ ಬದಲಿಗೆ ಶೇ. 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸು ಬಂದಿತು. ಹತ್ತು ಸಾವಿರ ರೂಪಾಯಿ ಆದಾಯ ತೆರಿಗೆ ಕಟ್ಟುವವನು ಇದಕ್ಕಾಗಿ ನಾನೂರು ರೂಪಾಯಿ ಹೆಚ್ಚಿಗೆ ಕಟ್ಟುತ್ತಾನೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಸಂವಿಧಾನದ 270ನೆಯ ವಿಧಿಯಂತೆ ಕೇಂದ್ರದ ಸೆಸ್ಸು ರಾಜ್ಯಗಳಿಗೆ ಹಂಚಿಕೆಯಾಗುವ ತೆರಿಗೆಯ ನಿಧಿಗೆ ಸೇರುವುದಿಲ್ಲ. ಶಿಕ್ಷಕರ ಸಂಬಳದ ದೊಡ್ಡ ಹೊರೆ ಹೊತ್ತಿರುವುದಾದರೋ ರಾಜ್ಯಗಳು ಮತ್ತು ಸ್ಥಳೀಯ ಸಂಸ್ಥೆಗಳು. ಎರಡನೆಯದು, ವಿಶೇಷ ಕರ ಬಂದೊಡನೆ ಶಾಲೆಯ ಹಣ ಹೆಚ್ಚಿತೆಂದು ಭಾವಿಸಲಾಗದು. ನೂರು ರೂಪಾಯಿ ವೆಚ್ಚದ ಶಾಲೆಗೆ ಹೊಸ ಕರದಿಂದ ಇಪ್ಪತ್ತು ರೂಪಾಯಿ ಬಂದಿತೆನ್ನೋಣ. ಹಿಂದೆ ಸಾಮಾನ್ಯ ಬೊಕ್ಕಸದಿಂದ ಕೊಡುತ್ತಿದ್ದ ನೂರರಲ್ಲಿ ಇಪ್ಪತ್ತನ್ನು ಹಿಂತೆಗೆದರೆ ಶಾಲೆಗೆ ಸಿಗುವುದು ಮೊದಲಿನ ನೂರೇ. ಜನರು ಹೆಚ್ಚು ತೆತ್ತರು, ಮಕ್ಕಳಿಗೆ ಹೆಚ್ಚು ದೊರೆಯಲಿಲ್ಲ. ಆದುದರಿಂದ ಕರವನ್ನು ಒಪ್ಪುವಾಗಲೇ ಹಳೆಯ ಅನುದಾನ ಇಳಿಯಬಾರದೆಂಬ ನಿಬಂಧನೆಯನ್ನೂ ಕೇಳಬೇಕಾಗುತ್ತದೆ.

ಶಿಕ್ಷಕರ ವೇತನದ ಕತೆಯೂ ಏರುಪೇರಿನದೇ. ಮಹಾರಾಷ್ಟ್ರದಲ್ಲಿ 1977ರ ಕಾಯಿದೆ ಖಾಸಗಿ ಶಾಲೆಗಳ ನೌಕರರಿಗೆ ಸೇವಾಭದ್ರತೆಯನ್ನು ಕಲ್ಪಿಸಿತು. ಆದರೆ 2000ದಲ್ಲಿ ವೆಚ್ಚ ತಗ್ಗಿಸುವ ಸಲುವಾಗಿ ‘ಶಿಕ್ಷಣ ಸೇವಕ’ ಯೋಜನೆ ಬಂದಿತು. ತರಬೇತಿ ಪಡೆದ ಪ್ರಾಥಮಿಕ ಶಿಕ್ಷಕನು ಮೊದಲ ಮೂರು ವರ್ಷ ತಿಂಗಳಿಗೆ 3,000 ರೂಪಾಯಿ ಗೌರವಧನಕ್ಕೆ ದುಡಿಯಬೇಕಾಯಿತು. ಅದು ಮುಂದೆ 6,000ಕ್ಕೂ 2023ರಲ್ಲಿ 16,000ಕ್ಕೂ ಏರಿತು. ಕೆಲಸ ಪೂರ್ಣಶಿಕ್ಷಕನದು, ಹೆಸರು ಸೇವಕನದು. ಮುಂಬಯಿಯಂತಹ ನಗರದಲ್ಲಿ ಇಂತಹ ಗೌರವಧನವನ್ನು ನಂಬಿ ಕನ್ನಡದಲ್ಲಿ ತರಬೇತಿ ಪಡೆದ ತರುಣರು ಬಂದು ನೆಲೆಸುವುದು ಎಷ್ಟು ಕಠಿಣವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಕನ್ನಡ ಶಾಲೆಗೆ ಬರೋಣ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆನ್ನುತ್ತದೆ. ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಅಭಿನಂದನೀಯ. ಆದರೆ ಶಿಕ್ಷಕರ ಸಂಖ್ಯೆ ಮಕ್ಕಳ ತಲೆಯೆಣಿಕೆಯನ್ನು ಅವಲಂಬಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು. ಕನ್ನಡಿಗರು ನಗರದಾದ್ಯಂತ ಚದುರಿ ನೆಲೆಸಿರುವುದರಿಂದ ಒಂದೊಂದು ತರಗತಿಗೆ ಹತ್ತು ಮಕ್ಕಳು ಬಂದರೆಂದು ಭಾವಿಸಿದರೂ ಐದು ತರಗತಿಗೆ ಐವತ್ತೇ ಆಗುತ್ತದೆ. ಇಬ್ಬರು ಐದು ತರಗತಿಗಳನ್ನು ನಿಭಾಯಿಸಬೇಕು. ಅವರಲ್ಲೊಬ್ಬರು ನಿವೃತ್ತರಾಗಿ ಸ್ಥಾನ ತುಂಬದಿದ್ದರೆ ಪಾಠ ಕುಂಠಿತವಾಗುತ್ತದೆ. ಅದನ್ನು ಕಂಡ ಪಾಲಕರು ಮಕ್ಕಳನ್ನು ಬೇರೆಡೆಗೆ ಕಳುಹಿಸುತ್ತಾರೆ. ತಲೆಯೆಣಿಕೆ ಇನ್ನಷ್ಟು ಇಳಿಯುತ್ತದೆ. ಇದನ್ನು ಕೇವಲ ಅಭಿಮಾನಶೂನ್ಯತೆಯೆಂದು ಕರೆಯುವುದು ಪಾಲಕರಿಗೆ ಮಾಡುವ ಅನ್ಯಾಯ.

ಕೆಲವೇ ಮಕ್ಕಳಿಗಾಗಿ ಹೆಚ್ಚು ವೆಚ್ಚ ಮಾಡುವುದು ಇತರ ಕರದಾತರಿಗೆ ನ್ಯಾಯವೇ ಎಂಬ ಆಕ್ಷೇಪ ಬರಬಹುದು. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಮುಂಬಯಿಯ ಕನ್ನಡ ಹೋಟೆಲಿಗನ ಬಿಲ್ಲಿನಲ್ಲೂ ಅದೇ ಶಿಕ್ಷಣ ಕರವಿದೆ. ಕರ್ನಾಟಕದಲ್ಲಿ ಮರಾಠಿ, ಉರ್ದು, ತಮಿಳು, ತೆಲುಗು ಮಾಧ್ಯಮದ ಸರಕಾರಿ ಶಾಲೆಗಳಿಗೆ ಅಲ್ಲಿನ ಕರದಾತರ ಹಣ ಸಲ್ಲುತ್ತದೆ. ಈ ಪರಸ್ಪರತೆಯೇ ಒಕ್ಕೂಟದ ಬಾಳ್ವೆಯ ತಳಹದಿ. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಲ್ಲಿ ತಲೆಯೆಣಿಕೆಯ ಜೊತೆಗೆ ತರಗತಿಗಳ ಸಂಖ್ಯೆಯನ್ನೂ ಪರಿಗಣಿಸಿ ಶಿಕ್ಷಕರ ಸ್ಥಾನಗಳನ್ನು ನಿಗದಿಪಡಿಸುವುದು ಅಸಾಧ್ಯದ ಬೇಡಿಕೆಯಲ್ಲ.

ಮುಂಬಯಿಯ ಕನ್ನಡಿಗರು ದಾನದ ಹಣದಿಂದ ರಾತ್ರಿಶಾಲೆಗಳನ್ನು ಕಟ್ಟಿ, ಹೋಟೆಲಿನ ಹುಡುಗರನ್ನು ವಿದ್ಯಾವಂತರನ್ನಾಗಿಸಿದ ಚರಿತ್ರೆ ಉಜ್ವಲವಾದುದು. ದಾನದಿಂದ ಕಟ್ಟಡ ಏಳುತ್ತದೆ, ಪುಸ್ತಕ ಬರುತ್ತದೆ. ಆದರೆ ಒಬ್ಬ ಶಿಕ್ಷಕನಿಗೆ ಮೂವತ್ತು ವರ್ಷ ತಪ್ಪದೆ ಸಂಬಳವನ್ನೂ ಬಳಿಕ ನಿವೃತ್ತಿವೇತನವನ್ನೂ ಕೊಡುವ ಶಕ್ತಿ ಇರುವುದು ಸಾರ್ವಜನಿಕ ಬೊಕ್ಕಸಕ್ಕೆ ಮಾತ್ರ. ಹೊರನಾಡ ಕನ್ನಡವನ್ನು ಅಧ್ಯಯನ ಮಾಡುವವರು ಶಾಸನ, ಕಾವ್ಯ, ಜಾನಪದಗಳ ಜೊತೆಗೆ ಪಾಲಿಕೆಯ ಆಯವ್ಯಯ ಪತ್ರವನ್ನೂ ಶಿಕ್ಷಕರ ಖಾಲಿ ಹುದ್ದೆಗಳ ಪಟ್ಟಿಯನ್ನೂ ಓದುವುದು ಅಗತ್ಯ. ಮುಂದಿನ ತಲೆಮಾರಿಗೆ ಇಲ್ಲಿ ಕನ್ನಡದ ಅಕ್ಷರ ಕಲಿಸುವವರು ಇರುತ್ತಾರೆಯೆ ಇಲ್ಲವೆ ಎಂಬುದು ಆ ಪುಟಗಳಲ್ಲಿಯೇ ತೀರ್ಮಾನವಾಗುತ್ತಿದೆ.