ಗೋಡೆಗೆ ಕಾಗದದ ಉಡುಗೆ

ಗೋಡೆಗೆ ಚಿತ್ರದ ಸಿಂಗಾರ ನಮ್ಮ ನಾಡಿಗೆ ಹೊಸದಲ್ಲ. 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ಕಂಡವರು ಇದನ್ನು ಬಲ್ಲರು. ಅಲ್ಲಿ ಕುಂಚ ಮಾಡಿದ ಕೆಲಸವನ್ನು ಇಂದು ಅಚ್ಚಿನ ಕಾಗದ ಮಾಡುತ್ತದೆ.

ಆದರೆ ಹಲಸೂರು, ಶಿವಾಜಿನಗರಗಳ ಹಳೆಯ ಮನೆಗಳವರು ತುಸು ತಾಳಬೇಕು. ದಂಡು ಪ್ರದೇಶದ ಹಳೆಯ ಗೋಡೆಗಳು ಇಟ್ಟಿಗೆ, ಸುಣ್ಣದ ಗಾರೆಯವು. ಹೀರಿದ ತೇವವನ್ನು ಮೆಲ್ಲನೆ ಗಾಳಿಗೆ ಬಿಟ್ಟುಕೊಡುವುದು ಅವುಗಳ ಗುಣ. ಪ್ಲಾಸ್ಟಿಕ್ ಲೇಪದ ಕಾಗದ ಆ ದಾರಿಯನ್ನೇ ಮುಚ್ಚುತ್ತದೆ. ಸೆಪ್ಟೆಂಬರಿನ ಮಳೆ ಕಳೆಯುವಷ್ಟರಲ್ಲಿ ಹಿಂದೆ ಬೂಷ್ಟು ಹಬ್ಬೀತು. ಮೇಲೆ ಹೂಬಳ್ಳಿ ನಗುತ್ತಿರುವಾಗಲೇ ಕೋಣೆಯಲ್ಲಿ ಮಲಗುವ ಮಗುವಿನ ಕೆಮ್ಮು ಹೆಚ್ಚೀತು.

ಪರೀಕ್ಷೆ ಸುಲಭ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಗೋಡೆಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ ತೇವ ಗೋಡೆಯಲ್ಲೇ ಉಂಟು. ಮೊದಲು ಸೋರಿಕೆಯನ್ನು ನಿಲ್ಲಿಸಿರಿ. ಅಲ್ಲಿಯವರೆಗೆ ಸುಣ್ಣವೇ ಶ್ರೇಷ್ಠ. ಇಂದಿರಾನಗರ, ಕೃಷ್ಣರಾಜಪುರಗಳ ಹೊಸ ಮನೆಗಳಲ್ಲಿಯೂ ಸಿಮೆಂಟ್ ಗಾರೆ ಪೂರ್ತಿ ಒಣಗುವವರೆಗೆ ಕಾಯತಕ್ಕದ್ದು.

ಇನ್ನು ಲೆಕ್ಕ. ಸಾಮಾನ್ಯ ಸುರುಳಿಯೊಂದರ ಅಗಲ 53 ಸೆಂಟಿಮೀಟರು, ಉದ್ದ ಸುಮಾರು 10 ಮೀಟರು. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ಏಳು ಪಟ್ಟಿಗಳು ಬೇಕು. ಒಂದು ಸುರುಳಿಯಲ್ಲಿ ಮೂರು ಪಟ್ಟಿಗಳು ದೊರೆಯುವುದರಿಂದ ಮೂರು ಸುರುಳಿಗಳು ಸಾಕು. ದೊಡ್ಡ ಚಿತ್ತಾರವಾದರೆ ಜೋಡಣೆಗೆ ಇನ್ನೊಂದು ಬೇಕಾದೀತು.

ನಾಲ್ಕು ಗೋಡೆಗಳ ಆಸೆಯನ್ನು ಬಿಟ್ಟು, ಒಣಗಿದ ಒಂದನ್ನೇ ಸಿಂಗರಿಸಿರಿ. ಮನೆಯೂ ಬೆಳಗೀತು, ಕೈಯೂ ಬರಿದಾಗದು.